ಹಳೆಯ ಪ್ರೊಸೆಸರ್, ಹೊಸ ಪ್ರೊಸೆಸರ್: ವೇಗದ ವ್ಯತ್ಯಾಸವನ್ನು ನೀವೇ ಅಳೆಯುವ ಬಗೆ

ಕೋರ್ ಐ7-7500ಯು ಮತ್ತು ಕೋರ್ ಐ5-8250ಯು ಎರಡೂ ತೆಳು ಲ್ಯಾಪ್‌ಟಾಪ್‌ಗಳಿಗೆಂದು ಇಂಟೆಲ್ ತಂದ ಪ್ರೊಸೆಸರ್‌ಗಳು. ಮೊದಲನೆಯದು 2016ರದು, ಎರಡನೆಯದು 2017ರದು. ಮೊದಲನೆಯದರ ಹೆಸರಿನಲ್ಲಿ ಐ7 ಇದೆ, ಮೂಲ ವೇಗ 2.7 ಗಿಗಾಹರ್ಟ್ಸ್. ಎರಡನೆಯದು ಐ5, ಮೂಲ ವೇಗ 1.6 ಗಿಗಾಹರ್ಟ್ಸ್ ಮಾತ್ರ. ಅಂಟಿಸಿದ ಚೀಟಿಯನ್ನಷ್ಟೇ ಓದುವವರು ಮೊದಲನೆಯದೇ ಮೇಲು ಎನ್ನುತ್ತಾರೆ. ಆದರೆ ಅದರ ಒಳಗಿರುವುದು ಎರಡೇ ಕೋರ್ (ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ), ಐ5ರಲ್ಲಿ ನಾಲ್ಕು. ಎಲ್ಲ ಕೋರ್‌ಗಳಿಗೂ ಕೈತುಂಬ ಕೆಲಸ ಸಿಗುವ ಕಡೆ ಆ ಐ5 ಈ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಒಂದೇ ಒಂದು ವರ್ಷದ ಅಂತರದಲ್ಲಿ, ಒಂದೇ ಕಂಪನಿಯ, ಅದೇ 15 ವ್ಯಾಟ್‌ನ ಎರಡು ಚಿಪ್‌ಗಳ ಕಥೆ ಇದು. ಐದಾರು ವರ್ಷದ ಅಂತರವಿದ್ದರೆ, ಕಂಪನಿಯೂ ಬೇರೆಯಾಗಿದ್ದರೆ, ಹೆಸರು ಮತ್ತು ಗಿಗಾಹರ್ಟ್ಸ್ ನೋಡಿ ತೀರ್ಮಾನಿಸುವುದು ಕಣ್ಣುಕಟ್ಟಿಕೊಂಡು ನಡೆದ ಹಾಗೆಯೇ.

ಸ್ಕ್ಯಾನ್ ಮಾಡಿದ ಪುಸ್ತಕದ ಪುಟಗಳನ್ನು ಓಸಿಆರ್ ತಂತ್ರಾಂಶದಿಂದ ಪಠ್ಯವಾಗಿಸುವುದು ಮತ್ತು ಉಪನ್ಯಾಸಗಳ ವಿಡಿಯೊ ಸಂಕಲಿಸುವುದು ನನ್ನ ಕೆಲಸ. ಎರಡೂ ಪ್ರೊಸೆಸರನ್ನು ಹಿಂಡುವ ಕೆಲಸಗಳು. ಯಂತ್ರ ಬದಲಿಸಬೇಕೇ, ಇನ್ನೂ ಕೆಲವು ಕಾಲ ಹಳೆಯದರಲ್ಲೇ ಸಾಗಿಸಬಹುದೇ ಎಂಬ ಪ್ರಶ್ನೆ ನನ್ನೆದುರು ಆಗಾಗ ಬಂದು ನಿಲ್ಲುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರೂ ಇದನ್ನೇ ಕೇಳುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟು: ಯಾವ ಪ್ರೊಸೆಸರ್ ವೇಗದ್ದು ಎಂದು ಕೇಳಬೇಡಿ, ನಿಮ್ಮ ಯಾವ ಕೆಲಸದಲ್ಲಿ ಎಷ್ಟು ನಿಮಿಷ ಉಳಿಯುತ್ತದೆ ಎಂದು ಕೇಳಿ. ಅದಕ್ಕೆ ಉತ್ತರ ಸಿಗುವುದು ನಿಮ್ಮದೇ ಕಡತಗಳಲ್ಲಿ. ಅಲ್ಲಿಗೆ ಹೋಗುವ ಮುನ್ನ ಕಾಗದದ ಮೇಲೆ ಮಾಡಬೇಕಾದ ಕೆಲಸ ಸ್ವಲ್ಪ ಇದೆ.

ಪೂರ್ತಿ ಹೆಸರು ಬರೆದುಕೊಳ್ಳಿ

“ನನ್ನದು ಐ5” ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಆ ಹೆಸರು 2009ರಿಂದ ಚಾಲ್ತಿಯಲ್ಲಿದೆ. ಎರಡು ಕೋರ್‌ನ ಲ್ಯಾಪ್‌ಟಾಪ್ ಚಿಪ್‌ಗಳೂ ಆ ಹೆಸರಿನಲ್ಲಿ ಬಂದಿವೆ, ಹದಿನಾಲ್ಕು ಕೋರ್‌ನ ಡೆಸ್ಕ್‌ಟಾಪ್ ಚಿಪ್‌ಗಳೂ ಬಂದಿವೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆಯ್ದುಕೊಂಡರೆ ಬಲಗಡೆ ಮೇಲೆ ಪೂರ್ತಿ ಹೆಸರು, ಕೆಳಗೆ ಕೋರ್‌ಗಳ ಸಂಖ್ಯೆ, ಥ್ರೆಡ್‌ಗಳ ಸಂಖ್ಯೆ (ಥ್ರೆಡ್ ಎಂದರೆ ಕೋರ್ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ; ಅಲ್ಲಿ ಅದಕ್ಕೆ ಲಾಜಿಕಲ್ ಪ್ರೊಸೆಸರ್ಸ್ ಎಂಬ ಹೆಸರು), ಮೂಲ ವೇಗ, ಎಲ್3 ಕ್ಯಾಶ್‌ನ ಗಾತ್ರ ಎಲ್ಲವೂ ಕಾಣಿಸುತ್ತವೆ. ಲಿನಕ್ಸ್ ಬಳಸುವವರಿಗೆ ಎಲ್‌ಎಸ್‌ಸಿಪಿಯು ಎಂಬ ಆದೇಶ ಇವುಗಳಲ್ಲಿ ಹೆಚ್ಚಿನವನ್ನು ಒಂದೇ ಪರದೆಯಲ್ಲಿ ತೋರಿಸುತ್ತದೆ. ಇವಕ್ಕೆ ಮೂರು ಸಂಗತಿಗಳನ್ನು ಸೇರಿಸಿ: ಮಾರುಕಟ್ಟೆಗೆ ಬಂದ ವರ್ಷ, ವ್ಯಾಟ್ ಮಿತಿ, ಯಾವ ಬಗೆಯ ಮೆಮೊರಿ. ತಯಾರಕರ ಅಧಿಕೃತ ಮಾಹಿತಿ ಪುಟದಲ್ಲಿ ಇವು ಇರುತ್ತವೆ.

ಹೆಸರಿನ ಕೊನೆಯ ಅಕ್ಷರವನ್ನು ಬಿಡಬೇಡಿ. ಯು ಎಂದರೆ ಕಡಿಮೆ ವಿದ್ಯುತ್ತಿನ ಲ್ಯಾಪ್‌ಟಾಪ್ ಚಿಪ್, ಎಚ್ ಎಂದರೆ ಹೆಚ್ಚು ವಿದ್ಯುತ್ ಬಳಸಿ ಹೆಚ್ಚು ದುಡಿಯುವ ಲ್ಯಾಪ್‌ಟಾಪ್ ಚಿಪ್. ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಎಫ್ ಎಂದಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಇಂಟೆಲ್ ಐ ಸರಣಿಯಲ್ಲಿ ಅಡ್ಡಗೆರೆಯ ನಂತರದ ಅಂಕಿ ತಲೆಮಾರನ್ನು ಹೇಳುತ್ತದೆ: 7500 ಏಳನೆಯದು, 12100 ಹನ್ನೆರಡನೆಯದು.

ಎಎಂಡಿ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 2023ರ ಸರಣಿಯ ರೈಜನ್ 5 7520ಯು, 7530ಯು, 7640ಯು ಮೂರೂ ನೋಡಲು ಅಣ್ಣತಮ್ಮಂದಿರಂತಿವೆ. ಒಳಗಿನ ವಿನ್ಯಾಸ ಮಾತ್ರ ಕ್ರಮವಾಗಿ ಝೆನ್ 2, ಝೆನ್ 3, ಝೆನ್ 4. ಸುಳಿವು ಇರುವುದು ಮೂರನೆಯ ಅಂಕಿಯಲ್ಲಿ. 7520ಯು ಎಂಬುದನ್ನು ಕಂಡು “ಏಳು ಸಾವಿರದ ಸರಣಿ, ಆದ್ದರಿಂದ ಹೊಸದು” ಎಂದುಕೊಂಡವರ ಕೈಗೆ ಬರುವುದು 2019ರಲ್ಲಿ ಮೊದಲು ಕಂಡ ವಿನ್ಯಾಸದ ನಾಲ್ಕು ಕೋರ್. 2021ರ ಆರು ಕೋರ್‌ನ ರೈಜನ್ 5 5600ಯು ಅದಕ್ಕಿಂತ ಒಂದು ಹೆಜ್ಜೆ ಹೊಸ ವಿನ್ಯಾಸದ್ದು. ಕೊಳ್ಳುವವರನ್ನು ಗೊಂದಲಕ್ಕೆ ತಳ್ಳುವ ಇಂಥ ಹೆಸರುಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ.

ಗಿಗಾಹರ್ಟ್ಸ್ ಹೇಳುವುದು ಅರ್ಧ ಕಥೆ

ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಶತಕೋಟಿ ಸಲ ಗಡಿಯಾರ ಮಿಡಿಯುತ್ತದೆ ಎಂಬ ಲೆಕ್ಕ. ಪ್ರತಿ ಮಿಡಿತಕ್ಕೆ ಎಷ್ಟು ಸೂಚನೆಗಳು ಮುಗಿಯುತ್ತವೆ ಎಂಬುದು ಬೇರೆಯೇ ಲೆಕ್ಕ. ಅದನ್ನು ಐಪಿಸಿ ಎನ್ನುತ್ತಾರೆ. ಒಂದು ಕೋರ್‌ನ ವೇಗ ಈ ಎರಡರ ಗುಣಲಬ್ಧ. ಪೆಂಟಿಯಂ 4 ಸರಣಿ 3.8 ಗಿಗಾಹರ್ಟ್ಸ್‌ವರೆಗೆ ಏರಿತು. 2006ರಲ್ಲಿ ಬಂದ ಕೋರ್ 2 ಡುಯೊ ಇ6600 ಓಡಿದ್ದು 2.4ರಲ್ಲಿ. ಆದರೂ ಒಂದೇ ಕೋರ್ ಸಾಕಾಗುವ ಕೆಲಸದಲ್ಲೂ ಎರಡನೆಯದೇ ಮುಂದಿತ್ತು, ಅದೂ 115 ವ್ಯಾಟ್‌ನ ಬದಲು 65 ವ್ಯಾಟ್ ಮಿತಿಯಲ್ಲಿ. ಪೆಂಟಿಯಂ 4ರ ಕೊನೆಯ ವಿನ್ಯಾಸಗಳು ಗಡಿಯಾರವನ್ನು ಏರಿಸಲೆಂದೇ ಕೆಲಸವನ್ನು 31 ಹಂತಗಳಾಗಿ ಸೀಳಿದ್ದವು. ಮುಂದೆ ಯಾವ ಸೂಚನೆ ಬರುತ್ತದೆ ಎಂದು ಪ್ರೊಸೆಸರ್ ಮಾಡಿದ ಊಹೆ ಒಮ್ಮೆ ತಪ್ಪಿದರೆ ಅಷ್ಟೂ ಹಂತಗಳಲ್ಲಿದ್ದ ಕೆಲಸವನ್ನು ಎಸೆದು ಹೊಸದಾಗಿ ಶುರು ಮಾಡಬೇಕಾಗುತ್ತಿತ್ತು.

ಇತ್ತೀಚಿನ ಉದಾಹರಣೆ ಬೇಕಿದ್ದರೆ 2017ರ ಕೋರ್ ಐ7-7700ಕೆ ಮತ್ತು 2022ರ ಕೋರ್ ಐ3-12100 ನೋಡಿ. ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಗರಿಷ್ಠ ವೇಗ ಹಳೆಯದರಲ್ಲಿ 4.5, ಹೊಸದರಲ್ಲಿ 4.3 ಗಿಗಾಹರ್ಟ್ಸ್. ಒಂದು ಕೋರ್‌ನ ಕೆಲಸದಲ್ಲೂ ಎಲ್ಲ ಕೋರ್‌ಗಳ ಕೆಲಸದಲ್ಲೂ ಗೆಲ್ಲುವುದು ಆ ಐ3. ಒಂದು ಕಾಲಕ್ಕೆ ಸರಣಿಯ ತುದಿಯಲ್ಲಿದ್ದ ಚಿಪ್ಪನ್ನು ಐದು ವರ್ಷದ ನಂತರದ ಕೆಳಮಟ್ಟದ ಚಿಪ್ ಮೀರಿಸಿತು.

ಒಂದೇ ಕಂಪನಿಯ ಎರಡು ತಲೆಮಾರುಗಳನ್ನು ಹೋಲಿಸುವಾಗ ಕಾಗದದ ಮೇಲೇ ಒಂದು ಅಂದಾಜು ಮಾಡಬಹುದು. ಝೆನ್ 2ಕ್ಕಿಂತ ಝೆನ್ 3ರ ಐಪಿಸಿ ಸರಾಸರಿ ಶೇ 19ರಷ್ಟು ಹೆಚ್ಚು ಎಂದು ಎಎಂಡಿ 2020ರಲ್ಲಿ ಘೋಷಿಸಿತು. ರೈಜನ್ 5 3600ಎಕ್ಸ್ ಗರಿಷ್ಠ 4.4 ಗಿಗಾಹರ್ಟ್ಸ್, 5600ಎಕ್ಸ್ ಗರಿಷ್ಠ 4.6. ಗಡಿಯಾರದ ಅನುಪಾತ 1.045. ಅದನ್ನು 1.19ರಿಂದ ಗುಣಿಸಿದರೆ 1.24. ಅಂದರೆ ಒಂದು ಕೋರ್‌ನ ಕೆಲಸದಲ್ಲಿ ಕಾಲು ಭಾಗದಷ್ಟು ಹೆಚ್ಚಿನ ವೇಗ ನಿರೀಕ್ಷಿಸಬಹುದು. ಇದು ಕಂಪನಿಯೇ ಆರಿಸಿಕೊಂಡ ಪರೀಕ್ಷೆಗಳ ಸರಾಸರಿಯ ಮೇಲೆ ನಿಂತ ಲೆಕ್ಕವಾದ್ದರಿಂದ ನಿಮ್ಮ ಕೆಲಸದಲ್ಲಿ ಅಷ್ಟೇ ಬರಬೇಕೆಂದಿಲ್ಲ. ಆದರೆ ಯಾರಾದರೂ ಬಂದು “ಎರಡು ಪಟ್ಟು ವೇಗ” ಎಂದರೆ ಒಪ್ಪಿಕೊಳ್ಳದಿರಲು ಇಷ್ಟು ಸಾಕು.

ಕೋರ್‌ಗಳ ಎಣಿಕೆ

ಕೋರ್ ಇಮ್ಮಡಿಯಾದರೆ ಸಮಯ ಅರ್ಧವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಹಾಗಾಗುವುದಿಲ್ಲ ಎಂಬುದಕ್ಕೆ ಜೀನ್ ಅಮ್ಡಾಲ್ 1967ರಲ್ಲೇ ಕಾರಣ ಕೊಟ್ಟಿದ್ದಾರೆ. ಹತ್ತು ನಿಮಿಷ ಹಿಡಿಯುವ ಒಂದು ಕೆಲಸವಿದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ನಿಮಿಷದ ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕು, ಉಳಿದ ಆರು ನಿಮಿಷದ ಭಾಗವನ್ನು ಹಂಚಬಹುದು. ಎರಡು ಕೋರ್ ಇದ್ದರೆ ಒಟ್ಟು ಏಳು ನಿಮಿಷ. ನಾಲ್ಕಿದ್ದರೆ ಐದೂವರೆ. ಎಂಟಿದ್ದರೆ ನಾಲ್ಕೂಮುಕ್ಕಾಲು. ನಾಲ್ಕರಿಂದ ಎಂಟಕ್ಕೆ ಹೋದಾಗ ಉಳಿದದ್ದು ಮುಕ್ಕಾಲು ನಿಮಿಷ ಅಷ್ಟೇ. ಕೋರ್‌ಗಳನ್ನು ಎಷ್ಟೇ ಸುರಿದರೂ ನಾಲ್ಕು ನಿಮಿಷಕ್ಕಿಂತ ಕೆಳಗೆ ಇಳಿಯಲಾಗದು. ಆ ನಾಲ್ಕು ನಿಮಿಷವನ್ನು ಕಡಿಮೆ ಮಾಡಬೇಕೆಂದರೆ ಒಂದೊಂದು ಕೋರ್ ವೇಗವಾಗಬೇಕು.

ನಿಮ್ಮ ಕೆಲಸ ಎಷ್ಟು ಕೋರ್ ಬಳಸುತ್ತಿದೆ ಎಂಬುದನ್ನು ತಿಳಿಯಲು ಒಂದು ಸುಲಭ ದಾರಿ ಇದೆ. ಹಳೆಯ ಯಂತ್ರದಲ್ಲಿ ಆ ಕೆಲಸವನ್ನು ಹಚ್ಚಿ ಟಾಸ್ಕ್ ಮ್ಯಾನೇಜರ್ ನೋಡಿ. ಎಂಟು ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಬಳಕೆ ಶೇ 12-13ರ ಆಸುಪಾಸಿನಲ್ಲೇ ಅಲುಗಾಡದೆ ನಿಂತಿದೆಯೇ? ಪ್ರೊಸೆಸರ್ ಬಿಡುವಾಗಿದೆ ಎಂದು ಅನೇಕರು ತಿಳಿಯುತ್ತಾರೆ. ನೂರನ್ನು ಎಂಟರಿಂದ ಭಾಗಿಸಿ ನೋಡಿ: ಹನ್ನೆರಡೂವರೆ. ಒಂದು ಥ್ರೆಡ್ ಪೂರ್ತಿ ಬೆವರುತ್ತಿದೆ, ಉಳಿದ ಏಳು ಸುಮ್ಮನಿವೆ. ಗ್ರಾಫನ್ನು ಒಂದೊಂದು ಥ್ರೆಡ್‌ಗೆ ಬಿಡಿಸಿ ನೋಡಿದರೂ ಎಷ್ಟೋ ಸಲ ಯಾವುದೂ ನೂರು ಮುಟ್ಟಿರುವುದಿಲ್ಲ, ಏಕೆಂದರೆ ಕಾರ್ಯಾಚರಣ ವ್ಯವಸ್ಥೆ ಆ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಸರಿಸುತ್ತಿರುತ್ತದೆ. ಆದ್ದರಿಂದ ಒಟ್ಟು ಸಂಖ್ಯೆಯನ್ನೇ ನಂಬಿ. ಇಂಥ ಕೆಲಸವೇ ನಿಮ್ಮದಾದರೆ ಹದಿನಾರು ಕೋರ್‌ನ ಹೊಸ ಪ್ರೊಸೆಸರ್ ತಂದೂ ಹದಿನೈದನ್ನು ಮಲಗಿಸಿದಂತಾಗುತ್ತದೆ.

ಲಿನಕ್ಸ್‌ನ ಟೈಮ್ ಆದೇಶ ಇನ್ನೂ ಖಚಿತವಾಗಿ ಹೇಳುತ್ತದೆ. ಕೆಲಸದ ಆದೇಶದ ಮುಂದೆ ಅದನ್ನು ಸೇರಿಸಿದರೆ ಕೊನೆಯಲ್ಲಿ ರಿಯಲ್, ಯೂಸರ್, ಸಿಸ್ ಎಂಬ ಮೂರು ಸಾಲುಗಳು ಬರುತ್ತವೆ. ರಿಯಲ್ ಎಂದರೆ ಗೋಡೆ ಗಡಿಯಾರದ ಸಮಯ. ಯೂಸರ್ ಎಂದರೆ ಎಲ್ಲ ಕೋರ್‌ಗಳೂ ಸೇರಿ ದುಡಿದ ಸಮಯ. ರಿಯಲ್ 100 ಸೆಕೆಂಡ್, ಯೂಸರ್ 340 ಸೆಕೆಂಡ್ ಇದ್ದರೆ ಸರಾಸರಿ ಮೂರೂ ಚಿಲ್ಲರೆ ಕೋರ್‌ಗಳು ಕೆಲಸದಲ್ಲಿದ್ದವು ಎಂದು ಅರ್ಥ. ಈ ಒಂದು ಭಾಗಾಕಾರ ಎಷ್ಟೋ ವಾಗ್ವಾದಗಳನ್ನು ಮುಗಿಸಿದೆ.

ಎಲ್ಲ ಕೋರ್‌ಗಳೂ ಸಮಾನ ಎಂಬ ಕಾಲವೂ ಹೋಯಿತು. ಇಂಟೆಲ್‌ನ ಹನ್ನೆರಡನೆಯ ತಲೆಮಾರಿನಿಂದ ದೊಡ್ಡ ಕೋರ್, ಚಿಕ್ಕ ಕೋರ್ ಎಂಬ ಎರಡು ಬಗೆಗಳು ಒಂದೇ ಚಿಪ್‌ನಲ್ಲಿ ಬರುತ್ತಿವೆ. ಕೋರ್ ಐ5-1235ಯುನಲ್ಲಿ ಹತ್ತು ಕೋರ್ ಎಂದು ಬರೆದಿರುತ್ತದೆ. ಎರಡು ದೊಡ್ಡವು, ಎಂಟು ಚಿಕ್ಕವು. ಹಳೆಯ ಆರು ಕೋರ್‌ನ ಚಿಪ್ ಎದುರು “ಹತ್ತಕ್ಕೆ ಆರು” ಎಂದು ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ.

ಕ್ಯಾಶ್, ಸೂಚನೆಗಳು, ವಿಡಿಯೊ

ಕ್ಯಾಶ್ ಎಂದರೆ ಪ್ರೊಸೆಸರ್ ಒಳಗೇ ಇರುವ ಚಿಕ್ಕ, ಅತಿ ವೇಗದ ಮೆಮೊರಿ. ಬರೆಯುವ ಮೇಜಿನ ಮೇಲೇ ನಿಘಂಟು ಇದ್ದರೆ ಕೈ ಚಾಚಿದರೆ ಸಾಕು, ಕಪಾಟಿನಲ್ಲಿದ್ದರೆ ಪ್ರತಿ ಪದಕ್ಕೂ ಏಳಬೇಕು. ರ‍್ಯಾಮ್ ಆ ಕಪಾಟು. ಇದರ ಪರಿಣಾಮ ಎಷ್ಟೆಂದು ತೋರಿಸಲು ರೈಜನ್ 7 5800ಎಕ್ಸ್ ಮತ್ತು 2022ರಲ್ಲಿ ಬಂದ 5800ಎಕ್ಸ್3ಡಿಗಿಂತ ಒಳ್ಳೆಯ ಜೋಡಿ ಇಲ್ಲ. ವಿನ್ಯಾಸ ಒಂದೇ, ಎರಡರಲ್ಲೂ ಎಂಟು ಕೋರ್. ಮೊದಲನೆಯದು ಗರಿಷ್ಠ 4.7 ಗಿಗಾಹರ್ಟ್ಸ್, 32 ಎಂಬಿ ಎಲ್3. ಎರಡನೆಯದು ಗರಿಷ್ಠ 4.5, ಆದರೆ 96 ಎಂಬಿ. ಆಟಗಳಲ್ಲಿ ಗಡಿಯಾರ ನಿಧಾನವಿರುವ ಎರಡನೆಯದೇ ಒಟ್ಟಾರೆ ಮುಂದೆ. ಮೂರು ಆಯಾಮದ ಚಿತ್ರ ರೆಂಡರ್ ಮಾಡುವಾಗ, ಅಂದರೆ ಲೆಕ್ಕ ಹಾಕಿ ಚಿತ್ರ ಮೂಡಿಸುವಾಗ, ಮೊದಲನೆಯದು ತುಸು ಮುಂದೆ. ಒಂದೇ ಜೋಡಿಗೆ ಎರಡು ತೀರ್ಪು, ಎರಡೂ ಸರಿ.

ಸೂಚನೆಗಳ ವಿಷಯ ನನ್ನ ಕೆಲಸಕ್ಕೆ ಹತ್ತಿರದ್ದು. ನಾನು ಬಳಸುವ ಓಸಿಆರ್ ತಂತ್ರಾಂಶ ಟೆಸರಾಕ್ಟ್. ಅದರ ನಾಲ್ಕನೆಯ ಆವೃತ್ತಿಯಿಂದ ಅಕ್ಷರ ಗುರುತಿಸುವ ಭಾಗ ನರಜಾಲ ಮಾದರಿಯದು. ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಸೂಚನೆಗಳಿದ್ದರೆ ಅವುಗಳನ್ನು ಬಳಸಿ ಒಂದೇ ಏಟಿಗೆ ಹಲವು ಸಂಖ್ಯೆಗಳನ್ನು ಗುಣಿಸುತ್ತದೆ. ಇಂಟೆಲ್ ಚಿಪ್‌ಗಳಿಗೆ ಎವಿಎಕ್ಸ್2 ಬಂದದ್ದು 2013ರ ಹ್ಯಾಸ್ವೆಲ್ ತಲೆಮಾರಿನಲ್ಲಿ. ಅದಕ್ಕಿಂತ ಹಿಂದಿನ ಚಿಪ್‌ಗಳಲ್ಲಿ ಮತ್ತು ಆನಂತರದ ಅನೇಕ ಸೆಲೆರಾನ್, ಪೆಂಟಿಯಂ ಚಿಪ್‌ಗಳಲ್ಲೂ ಅದು ಇಲ್ಲ. ಆ ಗೆರೆಯನ್ನು ದಾಟುವಾಗ ಸಿಗುವ ಲಾಭ ಗಡಿಯಾರದ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೊದಲ ಪುಟದಲ್ಲೇ ಸೂಚನೆಗಳ ಪಟ್ಟಿ ಇರುತ್ತದೆ, ನೋಡಿಕೊಳ್ಳಿ.

ವಿಡಿಯೊ ನೋಡುವಾಗ ಫ್ಯಾನ್ ಕೂಗಿ ಚಿತ್ರ ತಡವರಿಸಿದರೆ ಅದು ಬಹುತೇಕ ಕೋರ್‌ಗಳ ದೌರ್ಬಲ್ಯವಲ್ಲ. ಎವಿ1 ಬಗೆಯ ವಿಡಿಯೊವನ್ನು ಬಿಡಿಸುವ ಪ್ರತ್ಯೇಕ ಭಾಗ ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳ ಗ್ರಾಫಿಕ್ಸ್‌ಗೆ ಸೇರಿದ್ದು 2020ರ ಹನ್ನೊಂದನೆಯ ತಲೆಮಾರಿನಲ್ಲಿ. ಅದಿಲ್ಲದ ಚಿಪ್‌ಗಳಲ್ಲಿ ಆ ಹೊರೆಯೆಲ್ಲ ಕೋರ್‌ಗಳ ಹೆಗಲಿಗೆ ಬೀಳುತ್ತದೆ.

ಬೆಂಚ್‌ಮಾರ್ಕ್ ಅಂಕಗಳನ್ನು ಓದುವಾಗ

ಬೆಂಚ್‌ಮಾರ್ಕ್ ಎಂದರೆ ವೇಗ ಅಳೆದು ಅಂಕ ಕೊಡುವ ಸಿದ್ಧ ಪರೀಕ್ಷೆ. ಆ ಅಂಕಗಳನ್ನು ನಾನು ತಳ್ಳಿಹಾಕುವುದಿಲ್ಲ. ಹೊಸ ಯಂತ್ರ ಇನ್ನೂ ಕೈಯಲ್ಲಿಲ್ಲದಾಗ ಇರುವುದು ಅವೇ. ಆದರೆ ಒಂದೇ ಪರೀಕ್ಷೆಯ ಒಂದೇ ಆವೃತ್ತಿಯ ಅಂಕಗಳನ್ನು ಮಾತ್ರ ಎದುರುಬದುರು ಇಡಿ. ಗೀಕ್‌ಬೆಂಚ್ 5ರಲ್ಲಿ 1000 ಅಂಕ ಎಂದರೆ ಕೋರ್ ಐ3-8100ರ ಮಟ್ಟ. ಗೀಕ್‌ಬೆಂಚ್ 6ರಲ್ಲಿ ಆಧಾರ ಕೋರ್ ಐ7-12700, ಅದಕ್ಕೆ 2500 ಅಂಕ. ಎರಡರ ಅಳತೆಗೋಲೇ ಬೇರೆ. ಸಿನಿಬೆಂಚ್ ಆರ್23 ಮತ್ತು ಸಿನಿಬೆಂಚ್ 2024ರ ಅಂಕಗಳೂ ಹೀಗೆಯೇ ಒಂದಕ್ಕೊಂದು ಹೊಂದುವುದಿಲ್ಲ.

ಯಾವ ಪರೀಕ್ಷೆ ಯಾವ ಕೆಲಸವನ್ನು ಹೋಲುತ್ತದೆ ಎಂಬುದು ಮುಖ್ಯ. ಸಿನಿಬೆಂಚ್ ಒಂದು ಚಿತ್ರವನ್ನು ರೆಂಡರ್ ಮಾಡುತ್ತದೆ. ಆ ಕೆಲಸವನ್ನು ಕೋರ್‌ಗಳಿಗೆ ಹಂಚುವುದು ಬಹಳ ಸುಲಭ. ಅದರ ಎಲ್ಲ ಕೋರ್‌ಗಳ ಅಂಕ ನೋಡಿ ಬ್ರೌಸರ್ ಮತ್ತು ಲೆಕ್ಕದ ಹಾಳೆ ಬಳಸುವವರು ಹಿಗ್ಗಬಾರದು. ಅವರಿಗೆ ಬೇಕಾದದ್ದು ಒಂದು ಕೋರ್‌ನ ಅಂಕ. ಗೀಕ್‌ಬೆಂಚ್ 6 ಒಂದೇ ಕೆಲಸವನ್ನು ಕೋರ್‌ಗಳು ಹಂಚಿಕೊಳ್ಳುವಂತೆ ಮಾಡುತ್ತದೆ. ಹಾಗಾಗಿ ಅಲ್ಲಿ ಕೋರ್ ಹೆಚ್ಚಿದಷ್ಟೂ ಅಂಕ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನಮ್ಮ ದಿನನಿತ್ಯದ ಬಳಕೆಗೆ ಅದೇ ಹತ್ತಿರ ಎಂಬುದು ನನ್ನ ಅಭಿಪ್ರಾಯ. 7-ಜಿಪ್ ತಂತ್ರಾಂಶದ ಒಳಗೇ ಒಂದು ಪರೀಕ್ಷೆ ಇದೆ. ಚಿಕ್ಕದು, ಉಚಿತ, ತೀರಾ ಹಳೆಯ ಯಂತ್ರದಲ್ಲೂ ಓಡುತ್ತದೆ, ಮೆಮೊರಿಯ ವೇಗಕ್ಕೂ ಸ್ಪಂದಿಸುತ್ತದೆ.

ಹಳೆಯ ಪ್ರೊಸೆಸರ್ ಬಗ್ಗೆ ಅದು ಬಂದ ಹೊಸತರಲ್ಲಿ ಬರೆದ ವಿಮರ್ಶೆಯ ಅಂಕಗಳನ್ನು ಇಂದಿನ ಅಂಕಗಳ ಪಕ್ಕ ಇಡಬೇಡಿ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಬಯಲಾದವು. ಅವುಗಳನ್ನು ಮುಚ್ಚಲು ಬಂದ ತಿದ್ದುಪಡಿಗಳು ಕೆಲವು ಬಗೆಯ ಕೆಲಸಗಳನ್ನು ನಿಧಾನಗೊಳಿಸಿದವು; ಹಳೆಯ ಚಿಪ್‌ಗಳಿಗೆ ತಟ್ಟಿದ ಬಿಸಿ ಹೆಚ್ಚು. 2016ರ ವಿಮರ್ಶೆಯಲ್ಲಿ ಆ ಹೊರೆ ಇಲ್ಲ, ನಿಮ್ಮ ಮೇಜಿನ ಮೇಲಿರುವ ಯಂತ್ರದಲ್ಲಿ ಇದೆ.

ನಿಮ್ಮದೇ ಕೆಲಸ, ನಿಮ್ಮದೇ ಗಡಿಯಾರ

ಎರಡೂ ಯಂತ್ರಗಳು ಒಂದು ಸಂಜೆಯ ಮಟ್ಟಿಗಾದರೂ ಒಟ್ಟಿಗೆ ಸಿಕ್ಕರೆ ಇಲ್ಲಿಯವರೆಗಿನ ಅಂದಾಜುಗಳನ್ನೆಲ್ಲ ಬದಿಗಿಡಬಹುದು. ನಾನು ಒಂದು ಫೋಲ್ಡರ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸ್ಕ್ಯಾನ್ ಮಾಡಿದ ಪುಟಗಳ ಒಂದು ಕಂತೆ, ಒಂದು ವಿಡಿಯೊ ತುಣುಕು, ಸೂತ್ರಗಳಿಂದ ತುಂಬಿದ ಒಂದು ದೊಡ್ಡ ಲೆಕ್ಕದ ಹಾಳೆ ಇವೆ. ನಿಮ್ಮ ಫೋಲ್ಡರ್‌ನಲ್ಲಿ ನಿಮ್ಮ ಕೆಲಸ ಇರಲಿ. ಒಂದೊಂದು ಪರೀಕ್ಷೆಯೂ ಕೆಲವು ನಿಮಿಷಗಳಾದರೂ ಹಿಡಿಯುವಂತಿರಬೇಕು. ಮೂರು ಸೆಕೆಂಡಿನಲ್ಲಿ ಮುಗಿಯುವ ಕೆಲಸದಲ್ಲಿ ನಿಮ್ಮ ಬೆರಳಿನ ತಡವೇ ವ್ಯತ್ಯಾಸದಷ್ಟು ದೊಡ್ಡದು.

ಎರಡೂ ಕಡೆ ತಂತ್ರಾಂಶದ ಆವೃತ್ತಿ ಒಂದೇ ಇರಲಿ. ಲ್ಯಾಪ್‌ಟಾಪನ್ನು ವಿದ್ಯುತ್ತಿಗೆ ಜೋಡಿಸಿ. ವಿದ್ಯುತ್ ಬಳಕೆಯ ಆಯ್ಕೆಯನ್ನು ಎರಡರಲ್ಲೂ ಗರಿಷ್ಠ ಸಾಮರ್ಥ್ಯಕ್ಕೆ ಇಡಿ. ಯಂತ್ರ ಹಚ್ಚಿದ ತಕ್ಷಣ ಶುರು ಮಾಡಬೇಡಿ, ಅಪ್‌ಡೇಟ್‌ಗಳೂ ವೈರಸ್ ತಪಾಸಣೆಯೂ ಹಿಂದೆ ನಡೆಯುತ್ತಿರುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಬಳಕೆ ತಳಕ್ಕೆ ಇಳಿಯುವವರೆಗೆ ಕಾಯಿರಿ. ಒಂದೇ ಪರೀಕ್ಷೆಯನ್ನು ಹಲವು ಸಲ ಓಡಿಸಿ ಮೊದಲನೆಯದನ್ನು ಲೆಕ್ಕದಿಂದ ಬಿಡಿ: ಮೊದಲ ಸಲ ಕಡತಗಳು ಡಿಸ್ಕಿನಿಂದ ಬರುತ್ತವೆ, ಆಮೇಲೆ ರ‍್ಯಾಮ್‌ನಲ್ಲೇ ಇರುತ್ತವೆ. ಉಳಿದವುಗಳಲ್ಲಿ ನಡುವಿನ ಸಂಖ್ಯೆಯನ್ನು ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಮೆಷರ್-ಕಮಾಂಡ್ ಸಮಯ ಅಳೆದು ಕೊಡುತ್ತದೆ. ಗುಂಡಿ ಒತ್ತಿ ನಡೆಸುವ ತಂತ್ರಾಂಶಕ್ಕೆ ಮೊಬೈಲ್‌ನ ಸ್ಟಾಪ್‌ವಾಚ್ ಸಾಕು.

ವಿಡಿಯೊ ಪರೀಕ್ಷೆಯಲ್ಲಿ ಒಂದು ಗುಂಡಿ ಇಡೀ ಹೋಲಿಕೆಯನ್ನೇ ಕೆಡಿಸಬಲ್ಲದು. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಎಕ್ಸ್264 ಎಂಬುದನ್ನು ಆರಿಸಿದರೆ ಕೋರ್‌ಗಳು ದುಡಿಯುತ್ತವೆ. ಕ್ವಿಕ್‌ಸಿಂಕ್ ಆರಿಸಿದರೆ ಇಂಟೆಲ್ ಗ್ರಾಫಿಕ್ಸ್ ಒಳಗಿನ ಪ್ರತ್ಯೇಕ ಭಾಗ ದುಡಿಯುತ್ತದೆ. ಹಳೆಯದರಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಆಯ್ಕೆಯಾಗಿದ್ದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ. ಹೊರಬರುವ ವಿಡಿಯೊದ ಗುಣಮಟ್ಟವೂ ಒಂದೇ ಇರುವುದಿಲ್ಲ.

ಟೆಸರಾಕ್ಟ್‌ನಲ್ಲೂ ಇಂಥದೇ ಒಂದು ಸೂಕ್ಷ್ಮ ಇದೆ. ಅದು ಒಂದು ಪುಟಕ್ಕೇ ಹಲವು ಥ್ರೆಡ್ ತೊಡಗಿಸುತ್ತದೆ, ಆದರೆ ಹಂಚಿಕೊಳ್ಳುವ ಖಟ್ಲೆಯಲ್ಲೇ ಬಹಳಷ್ಟು ಶ್ರಮ ವ್ಯರ್ಥ. ಒಂದು ಪುಟಕ್ಕೆ ಒಂದೇ ಥ್ರೆಡ್ ಎಂದು ಮಿತಿ ಹಾಕಿ, ಕೋರ್‌ಗಳಿರುವಷ್ಟು ಪುಟಗಳನ್ನು ಒಟ್ಟಿಗೆ ಹಚ್ಚಿದರೆ ಕಂತೆ ಬೇಗ ಮುಗಿಯುತ್ತದೆ. ಕೋರ್ ಹೆಚ್ಚಿರುವ ಹೊಸ ಯಂತ್ರದ ನಿಜವಾದ ಬಲ ಕಾಣುವುದು ಹೀಗೆ ಹಚ್ಚಿದಾಗಲೇ. ಹೊಸ ಯಂತ್ರ ಕೊಳ್ಳುವ ಮುನ್ನ ಹಳೆಯದರಲ್ಲಿ ಇದನ್ನು ಮಾಡಿ ನೋಡುವುದು ಎಷ್ಟೋ ಮೇಲು. ನಿಮ್ಮ ತಂತ್ರಾಂಶದಲ್ಲೂ ಇಂಥ ಸೆಟ್ಟಿಂಗ್ ಇದೆಯೇ ಎಂದು ಹುಡುಕಿ.

ಲ್ಯಾಪ್‌ಟಾಪ್ ಆದರೆ ಸಮಯದ ಜೊತೆ ಬಿಸಿಯನ್ನೂ ನೋಡಬೇಕು. ಎಚ್‌ಡಬ್ಲ್ಯೂ‌ಇನ್‌ಫೊ ತಂತ್ರಾಂಶ ತೆರೆದಿಟ್ಟು ಕೆಲಸ ಹಚ್ಚಿ, ಪ್ರೊಸೆಸರ್‌ನ ವ್ಯಾಟ್, ಉಷ್ಣತೆ, ಗಡಿಯಾರದ ಸಾಲುಗಳನ್ನು ಗಮನಿಸಿ. 15 ವ್ಯಾಟ್ ಎಂದು ಬರೆದಿರುವ ಚಿಪ್ ಮೊದಲ ಅರ್ಧ ನಿಮಿಷ ಅದಕ್ಕಿಂತ ಎಷ್ಟೋ ಹೆಚ್ಚು ವಿದ್ಯುತ್ ಎಳೆದು ಚುರುಕಾಗಿ ಓಡುತ್ತದೆ. ಆಮೇಲೆ ವ್ಯಾಟ್ ಸಂಖ್ಯೆ ಧುತ್ತನೆ ಮಿತಿಗೆ ಇಳಿಯುತ್ತದೆ, ಗಡಿಯಾರವೂ ಅದರ ಹಿಂದೆಯೇ ಇಳಿಯುತ್ತದೆ. ಚಿಕ್ಕ ಪರೀಕ್ಷೆಗಳು ಅಳೆಯುವುದು ಆ ಮೊದಲ ಓಟವನ್ನು; ನಾವು ಕಾಯುತ್ತ ಕೂರುವುದು ಆಮೇಲಿನ ನಡಿಗೆಗಾಗಿ. ಸಿನಿಬೆಂಚ್ ಆರ್23 ಹತ್ತು ನಿಮಿಷ ಬಿಡದೆ ಓಡುವಂತೆ ರೂಪಿಸಿರುವುದು ಈ ಕಾರಣಕ್ಕೆ ಉಪಯುಕ್ತ. ಒಂದೇ ಪ್ರೊಸೆಸರ್ ಎರಡು ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವೇಗದಲ್ಲಿ ಓಡುವುದೂ ಇದರಿಂದಲೇ. ಫ್ಯಾನ್ ಮತ್ತು ಕವಚದ ತಂಪು ಹೇಗಿದೆಯೋ ಹಾಗೆ ಚಿಪ್. ಹಳೆಯ ಯಂತ್ರದ ಫ್ಯಾನ್‌ನಲ್ಲಿ ಧೂಳು ಕಟ್ಟಿದ್ದರೆ ಅಳೆಯುವ ಮೊದಲು ತೆಗೆಸಿ. ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ಧೂಳನ್ನು.

ಡೆಸ್ಕ್‌ಟಾಪ್‌ನಲ್ಲಿ ವ್ಯಾಟ್ ಸಂಖ್ಯೆ ಇನ್ನೊಂದು ಬಗೆಯ ಎಚ್ಚರ ಬೇಡುತ್ತದೆ. ಕೋರ್ ಐ9-12900ಕೆಗೆ ಇಂಟೆಲ್ ಎರಡು ಸಂಖ್ಯೆ ಕೊಟ್ಟಿದೆ: ಮೂಲ 125, ಗರಿಷ್ಠ 241 ವ್ಯಾಟ್. ಹಳೆಯ ಚಿಪ್‌ನ 95 ವ್ಯಾಟನ್ನು ಮೊದಲನೆಯದರ ಜೊತೆ ಹೋಲಿಸಿ ಹಳೆಯ ಕೂಲರ್ ಸಾಕೆಂದುಕೊಂಡರೆ ಹೊಸ ಚಿಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಸಿಕ್ಕ ಸಂಖ್ಯೆಗಳ ಲೆಕ್ಕ

ಹಳೆಯದರಲ್ಲಿ 120 ಸೆಕೆಂಡ್, ಹೊಸದರಲ್ಲಿ 80 ಸೆಕೆಂಡ್ ಬಂತು ಎನ್ನಿ. 120ನ್ನು 80ರಿಂದ ಭಾಗಿಸಿದರೆ 1.5, ಹೊಸದು ಶೇ 50ರಷ್ಟು ಹೆಚ್ಚು ವೇಗದ್ದು. ಉಳಿದ ಸಮಯ ಮಾತ್ರ ಮೂರನೆಯ ಒಂದು ಭಾಗ, ಅಂದರೆ ಶೇ 33. ಎರಡೂ ನಿಜ. ಮಾರುವವರು ಮೊದಲನೆಯದನ್ನು ಹೇಳುತ್ತಾರೆ, ನಿಮ್ಮ ದಿನಕ್ಕೆ ಸಿಗುವುದು ಎರಡನೆಯದು.

ಹಲವು ಕೆಲಸಗಳಿದ್ದರೆ ಅನುಪಾತಗಳ ಸರಾಸರಿ ತೆಗೆಯಬೇಡಿ, ವಾರದ ನಿಮಿಷಗಳನ್ನು ಕೂಡಿ. ಓಸಿಆರ್‌ಗೆ ವಾರಕ್ಕೆ 300 ನಿಮಿಷ ಕಾಯುವುದು 150ಕ್ಕೆ ಇಳಿದರೆ, ವಿಡಿಯೊದ 60 ನಿಮಿಷ 40ಕ್ಕೆ ಇಳಿದರೆ, ಒಟ್ಟು 360 ಹೋಗಿ 190 ಆಯಿತು. ಉಳಿತಾಯ 170 ನಿಮಿಷ. ಅದೇ ಹೊಸ ಪ್ರೊಸೆಸರ್, ವಾರಕ್ಕೆ ಹತ್ತೇ ನಿಮಿಷ ಓಸಿಆರ್ ಮಾಡಿ ಉಳಿದ ಹೊತ್ತು ಟೈಪ್ ಮಾಡುವವರಿಗೆ ಐದು ನಿಮಿಷ ಉಳಿಸುತ್ತದೆ. ಕಾಯುವ ಕೆಲಸದಲ್ಲಿ ಒಂದೂವರೆ ಪಟ್ಟಿಗಿಂತ ಕಡಿಮೆ ವೇಗ ಸಿಗುವುದಾದರೆ ನಾನು ಯಂತ್ರ ಬದಲಿಸುವುದಿಲ್ಲ. ಕಾಯುತ್ತ ಕೂತವರಿಗೆ ಅದಕ್ಕಿಂತ ಕಡಿಮೆಯಾದದ್ದು ಎರಡೇ ದಿನದಲ್ಲಿ ಮರೆತುಹೋಗುತ್ತದೆ.

ತಪ್ಪು ಪ್ರೊಸೆಸರ್‌ನದೇ?

“ಕಂಪ್ಯೂಟರ್ ತೆವಳುತ್ತಿದೆ” ಎಂದು ಬಂದವರ ಯಂತ್ರವನ್ನು ತೆರೆದು ನೋಡಿದಾಗ ನನಗೆ ಹೆಚ್ಚಾಗಿ ಕಾಣುವುದು ತಿರುಗುವ ಹಾರ್ಡ್ ಡಿಸ್ಕ್ ಅಥವಾ ಸಾಲದ ರ‍್ಯಾಮ್. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಸೂಜಿ ಪಕ್ಕಕ್ಕೆ ಸರಿಯುವ ಸಮಯ ಬೇರೆ. ಆ ನಾಲ್ಕು ಮಿಲಿಸೆಕೆಂಡಿನಲ್ಲಿ 3 ಗಿಗಾಹರ್ಟ್ಸ್‌ನ ಪ್ರೊಸೆಸರ್‌ನ ಗಡಿಯಾರ ಒಂದು ಕೋಟಿ ಇಪ್ಪತ್ತು ಲಕ್ಷ ಸಲ ಮಿಡಿದಿರುತ್ತದೆ, ಕೈಕಟ್ಟಿ ಕೂತು. ಎಸ್‌ಎಸ್‌ಡಿ ಹಾಕಿದರೆ ಆ ಯಂತ್ರಕ್ಕೆ ಮರುಜೀವ ಬರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಶೇ 100, ಪ್ರೊಸೆಸರ್ ಶೇ 15 ಎಂದು ತೋರುತ್ತಿದ್ದರೆ ಪ್ರೊಸೆಸರ್ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಎರಡು ಯಂತ್ರಗಳನ್ನು ಹೋಲಿಸುವಾಗಲೂ ಒಂದರಲ್ಲಿ ಹಾರ್ಡ್ ಡಿಸ್ಕ್, ಇನ್ನೊಂದರಲ್ಲಿ ಎಸ್‌ಎಸ್‌ಡಿ ಇದ್ದರೆ, ಒಂದರಲ್ಲಿ ಒಂದೇ ರ‍್ಯಾಮ್ ಪಟ್ಟಿ, ಇನ್ನೊಂದರಲ್ಲಿ ಜೋಡಿ ಇದ್ದರೆ, ಅದನ್ನು ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ.

ಪ್ರೊಸೆಸರ್ ಒಂದನ್ನೇ ಬದಲಿಸುವ ಆಸೆ ಇದ್ದವರು ಮದರ್‌ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ನೋಡಬೇಕು. ಏಳನೆಯ ತಲೆಮಾರಿನ ಇಂಟೆಲ್ ಬೋರ್ಡಿನಲ್ಲಿ ಹನ್ನೆರಡನೆಯದು ಕೂರುವುದಿಲ್ಲ. ಬೋರ್ಡ್ ಬದಲಾಗಬೇಕು, ಎಷ್ಟೋ ಸಲ ಮೆಮೊರಿಯೂ. ಎಎಂಡಿಯ ಎಎಂ4 ಸಾಕೆಟ್ ಈ ವಿಷಯದಲ್ಲಿ ಉದಾರವಾಗಿತ್ತು: 2017ರ ಅನೇಕ ಬೋರ್ಡ್‌ಗಳು ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಝೆನ್ 3 ಚಿಪ್‌ಗಳನ್ನೂ ಒಪ್ಪುತ್ತವೆ. ವೇಗದ ಲೆಕ್ಕದಲ್ಲಿ ಬಾರದ ಒಂದು ಸಂಗತಿಯೂ ನಿರ್ಧಾರವನ್ನು ತಿರುಗಿಸಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ ಕೆಲವೇ ಹೊರತುಗಳನ್ನು ಬಿಟ್ಟರೆ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ. ಮೊದಲಿಗೆ ಹೇಳಿದ ಐ7-7500ಯು ಆ ಪಟ್ಟಿಯಲ್ಲಿಲ್ಲ, ಐ5-8250ಯು ಇದೆ. ಲಿನಕ್ಸ್ ಹಾಕಿಕೊಳ್ಳಲು ಸಿದ್ಧರಿರುವವರಿಗೆ ಈ ಗೆರೆ ಅಡ್ಡಿಯಾಗದು.

ಪರೀಕ್ಷೆಯ ಫೋಲ್ಡರನ್ನೂ ಬರೆದ ಸಂಖ್ಯೆಗಳನ್ನೂ ಅಳಿಸಬೇಡಿ. ಸಂಖ್ಯೆಯ ಜೊತೆ ತಂತ್ರಾಂಶದ ಆವೃತ್ತಿಯನ್ನು ಬರೆದಿಟ್ಟಿದ್ದರೆ ಮುಂದಿನ ಸಲ ಹೊಸ ಯಂತ್ರವೊಂದರಲ್ಲಿ ಅದೇ ಆವೃತ್ತಿಯನ್ನು ಹಾಕಿ ಓಡಿಸಬಹುದು. ಆವೃತ್ತಿ ಬದಲಾಗಿದ್ದರೆ ಹಳೆಯ ಯಂತ್ರದಲ್ಲೂ ಮತ್ತೊಮ್ಮೆ ಅಳೆಯಿರಿ.